ಬಾರಿಗಿಡದ ತಗ್ಗು

ನನ್ನ ಮಗಳಿಗೆ ಎಣ್ಣೆ ಹಚ್ಚಿ ನೀರೆರೆಯಲು ಸಿದ್ದಲಿಂಗವ್ವ ಬರುತ್ತಿದ್ದದ್ದು ತನ್ನ ಮನೆಯ ರೊಟ್ಟಿ ಬಡಿದು ಮುಗಿಸಿದ ಮೇಲೆ. ಬಚ್ಚಲ ಕಲ್ಲಿನ ಮೇಲೆ ಕಾಲು ನೀಡಿ ಕೂತು, ಸೀರೆಯನ್ನು ಮೊಣಕಾಲ ತನಕ ಎತ್ತಿ ಸಿಕ್ಕಿಸಿ, "ತಾ ಇಲ್ಲಿ ನಿನ್ನ ರಾಣೀನ" ಎನ್ನುತ್ತಿದ್ದಳು. ಕೂಸನ್ನು ಕಾಲುಗಳ ಮೇಲೆ ಬೋರಲು ಹಾಕಿಕೊಂಡು, ಬೆಚ್ಚಗಿನ ಔಡಲೆಣ್ಣೆ ಸುರಿದು, ಬೆನ್ನಿನಿಂದ ಹಿಮ್ಮಡದವರೆಗೆ ಅಂಗೈ ಎಳೆಯುವಾಗ ಆಕೆಯ ಬಾಯಿ ಸುಮ್ಮನಿರುತ್ತಿರಲಿಲ್ಲ.

"ಅಳು, ಅಳು. ಈಗ ಅತ್ತು ಮುಗಿಸಿಬಿಡು. ಗಂಡನ ಮನಿಗೆ ಹೋದ ಮ್ಯಾಲ ಅಳಾಕ ಪುರಸೊತ್ತು ಸಿಗೂದಿಲ್ಲ."

"ಸಣ್ಣತ್ತೀ, ನೀರು ಭಾಳ ಬಿಸಿ ಆಗೇತೇನ ನೋಡ್ರಿ" ಎಂದು ನಾನು ಹೆದರುತ್ತ ಹೇಳಿದರೆ, "ಹಡದಾಕಿ ನೀ ಖರೆ, ಎರಿಯಾಕಿ ನಾ. ಅತ್ತ ಸರಿ" ಎನ್ನುತ್ತಿದ್ದಳು.

ಪಕ್ಕದ ಮನೆಯಾಕೆ, ನನ್ನ ಅತ್ತೆಗಿಂತ ಸ್ವಲ್ಪ ಸಣ್ಣವಳು. ಅದಕ್ಕೇ ಓಣಿಯ ಸೊಸೆಯಂದಿರಿಗೆಲ್ಲ ಸಣ್ಣತ್ತಿ. ಮುದ್ದೇಬಿಹಾಳದ ಕಡೆಯಿಂದ ಲಗ್ನವಾಗಿ, ಕನ್ನೊಳ್ಳಿಯಿಂದ ಒಂದು ಹರದಾರಿ ದೂರದ ಈ ನಮ್ಮ ಊರಿಗೆ ಬಂದವಳು. ಗಂಡ ಖಂಡೆಪ್ಪ ಮಾತು ಕಡಿಮೆಯ ಒಕ್ಕಲಿಗ. ಒಬ್ಬಳೇ ಮಗಳು ಭುವನೇಶ್ವರಿಯನ್ನು ಬಸವನ ಬಾಗೇವಾಡಿಗೆ ಕೊಟ್ಟಿದ್ದರು. ಭುವನೇಶ್ವರಿಗಿಂತ ಮೊದಲು ಒಂದು ಗಂಡುಕೂಸು ಇತ್ತು, ಸಂಗಮೇಶ ಎಂದು ಹೆಸರಿಟ್ಟಿದ್ದರು, ಕೆಳಗಿನ ಎರಡು ಹಲ್ಲು ಮೂಡಿದ್ದವು, ಹಳ್ಳ ತುಂಬಿ ಸಿಂದಗಿಯ ದಾರಿ ಮುಚ್ಚಿದ್ದ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡಿತು. ಇದೆಲ್ಲ ನನಗೆ ಅತ್ತೆ ಹೇಳಿದ್ದು.

ನಮ್ಮ ಊರಿನಲ್ಲಿ ಹಾಲುಗೂಸು ಹೋದರೆ ತಾಯಿಯನ್ನು ಮಣ್ಣಿಗೆ ಕರೆದೊಯ್ಯುವುದಿಲ್ಲ. ತಂದೆ, ಜೊತೆಗೆ ಇನ್ನೊಬ್ಬ, ಇಬ್ಬರೇ ಹೋಗಿ ಇಟ್ಟು ಬರುತ್ತಾರೆ. ಮೇಲೆ ಕಲ್ಲು ನಿಲ್ಲಿಸುವುದಿಲ್ಲ. ಎಲ್ಲಿ ಎಂಬುದನ್ನು ತಾಯಿಗೆ ಹೇಳುವುದಿಲ್ಲ. ಗೊತ್ತಾದರೆ ಆಕೆ ಅಲ್ಲೇ ಹೋಗಿ ಕೂತುಬಿಡುತ್ತಾಳೆ, ಮುಂದೆ ಬಸಿರು ನಿಲ್ಲುವುದಿಲ್ಲ ಎಂದು ಹಿರಿಯರು ಹೆದರುತ್ತಾರೆ. ಖಂಡೆಪ್ಪ ತನ್ನ ತಾಯಿಗೆ ಆಣೆ ಕೊಟ್ಟಿದ್ದ. ಸಿದ್ದಲಿಂಗವ್ವ ಮೊದಮೊದಲು ಕೇಳಿದಳಂತೆ, ಆಮೇಲೆ ಜಗಳ ಮಾಡಿದಳಂತೆ, ಆಮೇಲೆ ಕೇಳುವುದನ್ನು ಬಿಟ್ಟಳಂತೆ. ಆದರೆ ಎಳ್ಳಮಾಸಿಯ ದಿನ ಎಲ್ಲರೂ ತಮ್ಮ ತಮ್ಮ ಹೊಲದಲ್ಲಿ ಭೂಮಿತಾಯಿಗೆ ಎಡೆ ಎರಚಿ ಚರಗ ಚೆಲ್ಲುವಾಗ ಈಕೆ ಮಾತ್ರ ಸಜ್ಜೆ ಕಡುಬಿನ ತುಣುಕುಗಳನ್ನು ಬದುವಿನಾಚೆಗೆ, ಪಕ್ಕದವರ ಹೊಲಕ್ಕೆ, ಹಳ್ಳದ ಕಡೆಗೆ, ದಾರಿಯ ಕಡೆಗೆ, ಕೈ ನೋಯುವಂತೆ ಬೀಸಿ ಎಸೆಯುತ್ತಿದ್ದಳು. "ನಿನ್ನ ಕೈ ಉದ್ದ ಆತು ಬಿಡು" ಎಂದು ಪಕ್ಕದ ಹೊಲದವರು ನಗೆಯಾಡಿದರೆ ತಾನೂ ನಗುತ್ತಿದ್ದಳು. ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳುವ ಅಗತ್ಯವಿರಲಿಲ್ಲ.

ತೊಂಬತ್ತೊಂಬತ್ತರ ದೀಪಾವಳಿ ಕಳೆದ ಮೇಲೆ ಇಂಡಿ ಪಟ್ಟಣದಿಂದ ಒಂದು ಜೀಪು ಬರತೊಡಗಿತು. ಹಳ್ಳದ ನೀರು ಸುಮ್ಮನೆ ಹರಿದು ಹೋಗದಂತೆ ತಡೆದು ಭೂಮಿಗೆ ಇಂಗಿಸುವ ಯೋಜನೆ. ಬದು, ಗಿಡ, ಎಲ್ಲಕ್ಕಿಂತ ದೊಡ್ಡದಾಗಿ ಒಂದು ಜಿನುಗು ಕೆರೆ. ಜೀಪಿನಲ್ಲಿ ಬರುತ್ತಿದ್ದ ಸುಶ್ರುತ ಎಂಬ ಹುಡುಗ, ಮೀಸೆ ಇನ್ನೂ ಸರಿಯಾಗಿ ದಟ್ಟವಾಗದವನು, ಊರಿನವರನ್ನೆಲ್ಲ ಹನುಮಪ್ಪನ ಗುಡಿಯ ಮುಂದೆ ಕೂಡಿಸಿದ. ಹೆಂಗಸರೂ ಬರಲೇಬೇಕು ಎಂದು ಹಟ ಹಿಡಿದ. ಪಿಯುಸಿ ಓದಿದವಳು ಎಂದು ಹೆಂಗಸರು ನನ್ನನ್ನು ಮುಂದೆ ತಳ್ಳಿದರು; ನಾನು ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತೆ.

"ನಕ್ಷಾ ನಾವು ಮಾಡಿ ತಂದಿಲ್ರಿ" ಎಂದ ಸುಶ್ರುತ. "ಊರು ನಿಮ್ದು. ನೀವ ತಗೀರಿ, ಈ ನೆಲದ ಮ್ಯಾಲ."

"ನಕ್ಷಾ ನಾವು ತಗದು, ಕೆರಿ ನಾವು ಅಗದ್ರ, ನಿನಗ ಪಗಾರ ಯಾಕಪಾ ಕೊಡ್ತಾರ?" ಎಂದ ಅಮೋಘಸಿದ್ಧ. ಮೇಲಿನ ಮಡ್ಡಿಯ, ಕಲ್ಲುನೆಲದ ಕಡೆ ಹೊಲವಿದ್ದ, ಯಾವ ಸಭೆಯಲ್ಲೂ ಮೊದಲು ಬಾಯಿ ತೆಗೆಯುವ ಮನುಷ್ಯ.

ಗಂಡಸರು ರಂಗೋಲಿ ಹಿಡಿಯಲು ನಾಚಿದರು. ಕೊನೆಗೆ ಸಿದ್ದಲಿಂಗವ್ವ ಸೆರಗು ಸಿಕ್ಕಿಸಿ ನಡುವೆ ಬಂದು ಕುಕ್ಕರಗಾಲಲ್ಲಿ ಕೂತಳು. ರಂಗೋಲಿಯಲ್ಲಿ ಹಳ್ಳ ಎಳೆದಳು, ಎರಿ ಹೊಲಕ್ಕೆ ಇದ್ದಿಲ ಪುಡಿ, ಮಡ್ಡಿಗೆ ಇಟ್ಟಂಗಿ ಪುಡಿ, ಬಾವಿಗೆ ಅರಿಶಿಣ. ಸುತ್ತ ನಿಂತವರಿಗೆ ಹುರುಪು ಬಂತು. ಒಬ್ಬರು ಗುಡಿ ಬಿಟ್ಟೆ ಎಂದರೆ ಇನ್ನೊಬ್ಬರು ದರ್ಗಾ ಎಂದರು, ದೊಡ್ಡ ಹುಣಸಿಗಿಡ ಎಂದರು.

"ಏ ಸಿದ್ದಲಿಂಗವ್ವಾ, ನನ್ನ ಹೊಲ ಇಷ್ಟ ಸಣ್ಣದು ಮಾಡೀಯಲ್ಲ!" ಎಂದು ಅಮೋಘಸಿದ್ಧ ಕೂಗಿದ.

"ನಿನ್ನ ಬಾಯಿಯಷ್ಟ ದೊಡ್ಡದು ಮಾಡಿದ್ರ ಊರಿಗೆ ಜಾಗಾ ಉಳಿಯೂದಿಲ್ಲೋ ಯಪ್ಪಾ."

ಊರೇ ನಕ್ಕಿತು. ಸುಶ್ರುತ ಮತ್ತೆ ಹೇಳಿದ: "ಕೆಡಸಬಾರದಂಥ ಜಾಗಾ ಇದ್ರ ಈಗ ಹೇಳ್ರಿ. ಗದ್ದುಗಿ, ಗೋರಿ, ಪೂಜಾ ಮಾಡೂ ಗಿಡ. ಆಮ್ಯಾಲ ಮನಸ್ತಾಪ ಬ್ಯಾಡ."

ಹೇಳಿದರು. ಸಿದ್ದಲಿಂಗವ್ವ ಒಂದೊಂದಕ್ಕೂ ಕುಂಕುಮದ ಬೊಟ್ಟಿಟ್ಟಳು. ಆಮೇಲೆ ತಲೆ ಎತ್ತಿ ಸುತ್ತ ನೋಡಿ, "ಇನ್ನೇನರೆ ಬಿಟ್ಟೇನೇನು?" ಎಂದು ಕೇಳಿದಳು.

"ಎಲ್ಲಾ ಬಂತು" ಎಂದರು ಜನ.

ಗಂಡಸರ ಸಾಲಿನಲ್ಲಿ ಖಂಡೆಪ್ಪ ಇದ್ದ. ಅವನ ಪಕ್ಕಕ್ಕೆ ಪಿಂಜಾರ ಓಣಿಯ ಗುಡುಸಾಬ, ಸಣ್ಣಂದಿನಿಂದ ಖಂಡೆಪ್ಪನ ಗೆಳೆಯ.

ಕೆರೆಗೆ ಎರಡು ಜಾಗ ಆಗುತ್ತಿದ್ದವು, ಎರಡರಲ್ಲೂ ನೀರು ನಿಲ್ಲುತ್ತದೆ ಎಂದು ಇಂಜಿನಿಯರು ಮೊದಲೇ ನೋಡಿ ಹೋಗಿದ್ದರು. ಒಂದು ಮೇಲಿನ ಮಡ್ಡಿಯಲ್ಲಿ. ಇನ್ನೊಂದು ಊರ ಹತ್ತಿರ, ಹಳ್ಳ ತಿರುಗುವಲ್ಲಿ, ಬೋರೆಹಣ್ಣಿನ ಒಂದು ಹಳೆಯ ಗಿಡವಿದ್ದ, ಬಾರಿಗಿಡದ ತಗ್ಗು ಎಂದು ಕರೆಯುವ ಸರಕಾರಿ ಜಾಗ. ಸಿದ್ದಲಿಂಗವ್ವ ಎದ್ದು ನಿಂತು ಮಾತಾಡಿದಳು. ಮಡ್ಡಿಯಲ್ಲಿ ಕಟ್ಟಿದರೆ ನಾಲ್ಕು ಹೊಲಕ್ಕೆ ನೀರು. ತಗ್ಗಿನಲ್ಲಿ ಕಟ್ಟಿದರೆ ಕೆಳಗಿನ ಕುಡಿಯುವ ಬಾವಿಗೆ ಸೆಲೆ. "ಬ್ಯಾಸಗ್ಯಾಗ ಕೊಡ ಹೊತ್ತವ್ರು ಯಾರು? ನೀವಂತೂ ಅಲ್ಲ. ಅರಿವಿ ಒಗಿಯಾಕ ಹೊಳಿ ಮಟ ಹೋಗೂ ಬಸರಿ ಬಾಣಂತೇರು ಯಾರು? ನೀವಂತೂ ಅಲ್ಲ."

ಒಬ್ಬೊಬ್ಬರಿಗೆ ಒಂದು ಕಡಲೆಕಾಳು ಕೊಟ್ಟು, ಬೇಕಾದ ಜಾಗದ ಮೇಲೆ ಇಡಲು ಹೇಳಿದರು. ಹೆಂಗಸರು ಸಾಲಾಗಿ ಬಂದು ತಗ್ಗಿನ ಮೇಲೆ ಇಟ್ಟರು. ಮೊದಲ ಕಾಳು ಸಿದ್ದಲಿಂಗವ್ವನದು. ಖಂಡೆಪ್ಪ ತನ್ನ ಕಾಳನ್ನು ಮುಷ್ಟಿಯಲ್ಲಿ ಹಿಡಿದು ಎದ್ದು ಹೊರಟ.

"ಏನ್ರಿ, ಕಾಳು ಇಡಲಾರದ ಹೊಂಟ್ರಲ್ಲ! ಪಲ್ಯಾ ಮಾಡಾಕ ಬೇಕಾಗೇತೇನು?" ಎಂದು ಆಕೆ ಹಿಂದಿನಿಂದ ಕೂಗಿದಳು. ಜನ ಮತ್ತೆ ನಕ್ಕರು. ಆತ ತಿರುಗಿ ನೋಡಲಿಲ್ಲ.

ಸಂಕ್ರಾಂತಿ ಆದ ಮೇಲೆ ಒಂದು ಮಧ್ಯಾಹ್ನ ಖಂಡೆಪ್ಪ ಮಾವ ನಮ್ಮ ಕಟ್ಟೆಯ ಮೇಲೆ ಬಂದು ಕೂತ. ಹೆಂಡತಿ ಹೊಲದಲ್ಲಿದ್ದ ಹೊತ್ತು ನೋಡಿ ಬಂದಿದ್ದ.

"ವಿಜೀ, ನಿನ್ನ ಮಾತು ಆ ಜೀಪಿನ ಹುಡುಗ ಕೇಳ್ತಾನ. ಕೆರಿ ಮಡ್ಡಿ ಕಡೆ ಹಾಕು ಅಂತ ಹೇಳವ್ವಾ."

"ಯಾಕ ಮಾವಾ? ತಗ್ಗಿನ್ಯಾಗ ಏನಾಗೇತಿ?"

"ಏನಿಲ್ಲ. ಅಲ್ಲಿ ಬ್ಯಾಡ, ಅಷ್ಟ."

"ಸಣ್ಣತ್ತಿಗೆ ಹೇಳೀರೇನು?"

"ಆಕಿಗೆ ಹೇಳೂದಾಗಿದ್ರ ನಿನ್ನ ಕಟ್ಟಿಗೆ ಯಾಕ ಬರ್ತಿದ್ದೆ?" ಎಂದು ರುಮಾಲು ಜಾಡಿಸಿ ಎದ್ದು ಹೋದ.

ನಾನು ಸುಶ್ರುತನಿಗೆ ಹೇಳಿದೆ. ಅವನು ಬೇಡ ಎನ್ನಲಿಲ್ಲ. "ಅಕ್ಕಾರ, ಕಿವ್ಯಾಗ ಹೇಳಿ ಬದಲ ಮಾಡಿಸೂದು ಈ ಯೋಜನಾದಾಗ ಇಲ್ರಿ. ಹಂಗ ಮಾಡಿದ್ರ ದೊಡ್ಡವ್ರು ಹೇಳಿದ್ದ ಆಗ್ತೈತಿ. ಮಾವಾರು ಸಭಾದಾಗ ಕಾರಣ ಹೇಳ್ಲಿ, ಊರು ಒಪ್ಪಿದ್ರ ನಾಳೆನ ಬದಲ ಮಾಡೂಣು." ಅವನ ಮಾತು ನ್ಯಾಯವಾಗಿಯೇ ಇತ್ತು.

ಸಭೆ ಕೂಡಿತು. ಖಂಡೆಪ್ಪ ಎದ್ದು ನಿಂತು, "ಅಲ್ಲಿ ಬ್ಯಾಡ್ರಿ" ಎಂದ.

"ಯಾಕ್ರಿ ಮಾವಾರ?"

ಆತ ರುಮಾಲಿನ ತುದಿಯನ್ನು ಬೆರಳಿಗೆ ಸುತ್ತಿದ, ಬಿಚ್ಚಿದ, ಸುತ್ತಿದ. ಅಮೋಘಸಿದ್ಧನಿಗೆ ಹಿಗ್ಗಾಯಿತು. "ಖಂಡೆಪ್ಪಗ ಬುದ್ಧಿ ಬಂತು ನೋಡ್ರಿ! ಮಡ್ಡಿ ಅಂದ್ರ ಮಡ್ಡಿ!"

ಸಿದ್ದಲಿಂಗವ್ವನ ಮುಖ ಕೆಂಪಾಯಿತು. ಇಷ್ಟು ವರ್ಷಕ್ಕೆ ಮೊದಲ ಸಲ ಊರು ಆಕೆಯ ಮಾತು ಕೇಳಿತ್ತು. ಅದನ್ನು ಸ್ವಂತ ಗಂಡನೇ ಕೆಡಿಸಲು ನಿಂತಿದ್ದಾನೆ. "ಅಮೋಘಸಿದ್ಧನ ಮನ್ಯಾಗ ಚಹಾ ಕುಡದು ಬಂದೀರೇನು?" ಎಂದಳು, ಎಲ್ಲರಿಗೂ ಕೇಳುವಂತೆ. "ಕಾರಣ ಇದ್ರ ಹೇಳ್ರಿ. ಇಲ್ಲಾಂದ್ರ ಕೂಡ್ರಿ."

ಆತ ಕೂತ. ಪಕ್ಕದಲ್ಲಿ ಗುಡುಸಾಬ ಎರಡೂ ಮೊಣಕಾಲ ನಡುವೆ ತಲೆ ತಗ್ಗಿಸಿದ್ದ. ಕೆರೆ ತಗ್ಗಿನಲ್ಲೇ ಎಂದು ಗಟ್ಟಿಯಾಯಿತು.

ಯುಗಾದಿ ಆದ ಮೇಲೆ ಕೆಲಸ ಶುರುವಾಯಿತು. ಟ್ರ್ಯಾಕ್ಟರು ಬರುವ ಮೊದಲು ಮೇಲುಮಣ್ಣು ತೆಗೆಯಲು ಮನೆಗೊಬ್ಬರು ಬಂದು ದುಡಿಯಬೇಕು ಎಂದು ಊರು ಒಪ್ಪಿತ್ತು. ಖಂಡೆಪ್ಪನಿಗೆ ಮೈಯಲ್ಲಿ ಹುಷಾರಿಲ್ಲ. ಆತನ ಪಾಳಿಯನ್ನೂ ಸಿದ್ದಲಿಂಗವ್ವನೇ ಮಾಡುತ್ತಿದ್ದಳು. ನಮ್ಮ ಮನೆಯಿಂದ ನಾನು ಹೋಗುತ್ತಿದ್ದೆ. ಕೂಸನ್ನು ಬೇವಿನ ಗಿಡಕ್ಕೆ ಕಟ್ಟಿದ ಜೋಳಿಗೆಯಲ್ಲಿ ಮಲಗಿಸುತ್ತಿದ್ದೆ; ಬುಟ್ಟಿ ಹೊತ್ತು ಹಾಯುವಾಗಲೆಲ್ಲ ಸಿದ್ದಲಿಂಗವ್ವ ಅದನ್ನು ತೂಗಿ ಹೋಗುತ್ತಿದ್ದಳು.

ಸನಿಕೆಗಳು ಬಾರಿಗಿಡದ ಹತ್ತಿರ ಬಂದ ದಿನ ಗುಡುಸಾಬ ಬಂದ. ಗಿಡದ ಬುಡಕ್ಕೆ ನೆಟ್ಟಗೆ ಹೋಗಿ ನಿಂತುಕೊಂಡ. ಕೈಯಲ್ಲಿ ಸನಿಕೆ ಇತ್ತು, ಎತ್ತಲಿಲ್ಲ.

"ಗುಡುಸಾಬಣ್ಣಾ, ಸುಮ್ಮ ನಿಂದ್ರಾಕ ಇದೇನು ನಿನ್ನ ಬೀಗರ ಮನಿಯೇನು? ಹಾಕು ಸನಿಕಿ."

ಆತ ಅಲುಗಲಿಲ್ಲ.

"ಮುದುಕ ಆದಿ ಬಿಡು. ತಾ ಇಲ್ಲಿ, ನಾ ಹಾಕ್ತೇನಿ." ಆಕೆ ಸನಿಕೆಯ ಕಾವು ಹಿಡಿದಳು. ಆತ ಬಿಡಲಿಲ್ಲ. ಇಬ್ಬರೂ ಒಂದೇ ಕಾವು ಹಿಡಿದು ನಿಂತಿದ್ದರು, ಆಕೆ ಇನ್ನೂ ನಗುತ್ತಲೇ ಇದ್ದಳು.

"ಇಲ್ಲಿ ಬ್ಯಾಡ ತಂಗೀ" ಎಂದ ಗುಡುಸಾಬ. "ಖಂಡ್ಯಾಗ ಹೇಳಾಕ ಆಗಲಿಲ್ಲ. ಇಲ್ಲಿ ಬ್ಯಾಡ."

ಆಕೆಯ ನಗು ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಕೈ ಸಡಿಲಾಯಿತು. ತನ್ನ ಕಾಲ ಕೆಳಗಿನ ನೆಲ ನೋಡಿದಳು. ಒಂದು ಹೆಜ್ಜೆ ಹಿಂದೆ ಸರಿದಳು, ಮತ್ತೊಂದು ಹೆಜ್ಜೆ ಪಕ್ಕಕ್ಕೆ, ಎಲ್ಲಿ ಕಾಲಿಡಬೇಕು ಎಂದು ತಿಳಿಯದವಳ ಹಾಗೆ.

"ಎಷ್ಟು ಆಳ ಇಟ್ಟೀರಿ ಅಣ್ಣಾ?"

"ಎದಿಮಟ ತಗದಿದ್ದೆ. ನಾಯಿ ಕೆದರಬಾರದಂತ ಮ್ಯಾಲ ಜಾಲಿಮುಳ್ಳು ಹಾಕಿ ಮಣ್ಣು ಮುಚ್ಚೀವಿ."

"ಏನ ಹೊಚ್ಚಿದ್ರಿ?"

"ನಿನ್ನ ಹಸರ ಸೀರೀದು ಒಂದು ತುಂಡು. ಖಂಡ್ಯಾನ ಹರದು ತಂದಿದ್ದ."

"ಆ ಸೀರಿ ಇಲಿ ಕಡದೈತಿ ಅಂದಿದ್ರು" ಎಂದಳು ಸಿದ್ದಲಿಂಗವ್ವ. ಅಷ್ಟೇ ಹೇಳಿ ಅಲ್ಲೇ ಕೂತಳು. ಬುಟ್ಟಿ ಹೊತ್ತವರು ಹೊತ್ತಂತೆಯೇ ನಿಂತರು. ನನ್ನ ಕೂಸು ಜೋಳಿಗೆಯಲ್ಲಿ ಎದ್ದು ಅಳತೊಡಗಿತು, ನಾನು ಹೋಗಿ ಎತ್ತಿಕೊಂಡೆ. ನನಗೆ ಮಾಡಲು ಇದ್ದ ಕೆಲಸ ಅದೊಂದೇ.

ಮರುದಿನ ಎರೆಯಲು ಆಕೆ ಬರಲಿಲ್ಲ. 'ಇವತ್ತು ಕೂಸಿಗೆ ನಾನೇ ಎರೆದೆ' ಎಂದಷ್ಟೇ ಆ ದಿನದ ನನ್ನ ದಿನಚರಿಯಲ್ಲಿ ಬರೆದಿದ್ದೇನೆ. ಮಗಳನ್ನು ಎತ್ತಿಕೊಂಡು ಅವರ ಮನೆಗೆ ಹೋದರೆ ಒಲೆ ಹೊತ್ತಿರಲಿಲ್ಲ. ಪಡಸಾಲೆಯ ಕಂಬಕ್ಕೆ ಒರಗಿ ಖಂಡೆಪ್ಪ, ಒಳಗೆ ಒಲೆಯ ಮುಂದೆ ಆಕೆ.

"ನಾ ಕಾಳು ಇಟ್ಟೆ ವಿಜೀ" ಎಂದಳು. "ಮೊದಲ ಕಾಳು ನಂದ." ನಾನು ಏನೋ ಹೇಳಲು ಹೋದೆ. ಆಕೆ ಕೇಳಿಸಿಕೊಳ್ಳಲಿಲ್ಲ. "ಅದಕ್ಕೂ ಹೆಚ್ಚಿಂದು ಏನ್ ಗೊತ್ತೇನು? ಇವ್ರು ದಿನಾ ಅದ ದಾರ್ಯಾಗ ಹೊಲಕ್ಕ ಹೋಗ್ಯಾರ. ದಿನಾ ಗಿಡ ನೋಡ್ಯಾರ. ಇವ್ರ ಪಾಲಿಗೆ ಅಂವ ಅಲ್ಲೇ ಇದ್ದ. ನನಗ ಎಲ್ಲೂ ಇರಲಿಲ್ಲ." ಹೊರಗೆ ಕೇಳುವಂತೆ ಹೇಳಿದ್ದಲ್ಲ ಅದು. ಆದರೆ ಮನೆ ಸಣ್ಣದು.

ಸುಶ್ರುತ ಸುದ್ದಿ ಕೇಳಿ ಇಂಡಿಯಿಂದ ಓಡಿ ಬಂದ. ತಗ್ಗಿನಲ್ಲಿ ಎಲ್ಲರೂ ಸೇರಿದರು. "ಅವ್ವಾರ, ನೀವು ಹೂಂ ಅನ್ರಿ, ಕೆಲಸ ನಿಂದರಸ್ತೇನಿ. ಮ್ಯಾಲಿನವ್ರಿಗೆ ನಾ ಉತ್ತರಾ ಕೊಡ್ತೇನಿ" ಎಂದ. ಅಮೋಘಸಿದ್ಧ ಕೂಡ ಮಡ್ಡಿಯ ಮಾತು ಎತ್ತಲಿಲ್ಲ.

ಸಿದ್ದಲಿಂಗವ್ವ ಸುತ್ತ ನೋಡಿದಳು. ತಗ್ಗಿನ ಅರ್ಧ ಆಗಲೇ ಸೊಂಟದಾಳಕ್ಕೆ ಅಗೆದಾಗಿತ್ತು. ಆಕೆಯ ಮಾತು ನಂಬಿ ಬುಟ್ಟಿ ಹೊತ್ತ ಹೆಂಗಸರು ದಂಡೆಯ ಮೇಲೆ ನಿಂತಿದ್ದರು.

"ಇದನ್ನ ಹಿಂಗ ಬಿಟ್ಟು ಹೋದ್ರ ಮಳಿ ಬಂದಾಗ ಇವ್ರ ಮಕ್ಳು ಬಿದ್ದು ಹೋಗ್ತಾವ. ನಡೀಲಿ" ಎಂದಳು. "ಗಿಡದ ಬುಡಕ್ಕ ಮಾತ್ರ ಸನಿಕಿ ಹಾಕಬ್ಯಾಡ್ರಿ. ನೀರು ಬಂದ್ರ ಬರ್ಲಿ. ಮಣ್ಣು ತಗೀಬ್ಯಾಡ್ರಿ."

ಹಾಗೆಯೇ ಮಾಡಿದರು. ಆ ಬೇಸಿಗೆ ಪೂರ್ತಿ, ಒಡ್ಡು ಏರುತ್ತಿದ್ದಂತೆ, ಆಕೆ ದಿನವೂ ಬಂದು ಬಾರಿಗಿಡದ ಕೆಳಗೆ ಕೂಡುತ್ತಿದ್ದಳು. ಬುತ್ತಿ ತರುತ್ತಿದ್ದಳು, ಬತ್ತಿ ಹೊಸೆಯುತ್ತಿದ್ದಳು, ಒಮ್ಮೊಮ್ಮೆ ಸುಮ್ಮನೆ ಕಾಲು ನೀಡಿ ಕೂಡುತ್ತಿದ್ದಳು. ಖಂಡೆಪ್ಪ ದೂರದ ದಾರಿಯಲ್ಲಿ ನಿಂತು ನೋಡಿ ಹೋಗುತ್ತಿದ್ದ. ಹತ್ತಿರ ಬರಲು ಆಕೆ ಕರೆಯಲಿಲ್ಲ, ಆತನೂ ಬರಲಿಲ್ಲ.

ಮಿರಗದ ಮಳೆ ಹುಸಿ ಹೋಯಿತು. ಉತ್ತರಿ ಮಳೆಗೆ ಹಳ್ಳ ಬಂತು. ಊರೇ ಒಡ್ಡಿನ ಮೇಲೆ ನೆರೆದು ಕೇಕೆ ಹಾಕುತ್ತಿತ್ತು. ಹುಡುಗರು ಕುಣಿದರು, ಯಾರೋ ಕಾಯಿ ಒಡೆದರು. ಕೆಂಪು ನೀರು ತಗ್ಗಿನ ತಳ ಮುಚ್ಚಿ, ಬಾರಿಗಿಡದ ಬುಡಕ್ಕೆ ಬಂದು, ಒಂದು ಸುತ್ತು ಸುತ್ತಿ, ಮೇಲೇರಿತು. ಸಿದ್ದಲಿಂಗವ್ವ ನನ್ನ ರಟ್ಟೆ ಹಿಡಿದು ನಿಂತಿದ್ದಳು.

"ತಣ್ಣೀರು ವಿಜೀ" ಎಂದಳು ಮೆಲ್ಲಗೆ. "ಭಾಳ ತಣ್ಣಗ ಇರ್ತಾವ ಹಳ್ಳದ ನೀರು."

ಅದಾದ ಮೇಲೆ ಆಕೆ ಯಾರ ಕೂಸಿಗೂ ಎರೆಯಲಿಲ್ಲ. ನನ್ನ ಎರಡನೆಯ ಕೂಸಿಗೆ, ಮಗನಿಗೆ, ನಾನೇ ಕಾಲು ನೀಡಿ ಕೂತು ಎರೆದೆ, ಆಕೆಯ ಕೈ ನೋಡಿ ಕಲಿತಷ್ಟು. ಕೆಳಗಿನ ಬಾವಿ ತುಂಬಿತು. ಹೆಂಗಸರು ಹೊಳೆಗೆ ಹೋಗುವುದನ್ನು ಬಿಟ್ಟು ಕೆರೆಯಲ್ಲೇ ಬಟ್ಟೆ ಒಗೆದರು. ಆಕೆ ಒಬ್ಬಳು ಗಂಟು ಹೊತ್ತು ಹೊಳೆಗೇ ಹೋಗುತ್ತಿದ್ದಳು. ಗಂಡ ಹೆಂಡಿರ ನಡುವೆ ಎತ್ತಿನ ಮಾತು, ರೊಟ್ಟಿಯ ಮಾತು ಇಷ್ಟೇ ಉಳಿದಿತ್ತು. ನೀರಲ್ಲಿ ನಿಂತ ಬಾರಿಗಿಡ ಎಲೆ ಉದುರಿಸಿ ಒಣಗಿತು. ನೀರು ಇಳಿದ ಒಂದು ಚಳಿಗಾಲದಲ್ಲಿ ಯಾರೋ ಅದನ್ನು ಕಡಿದು ಉರುವಲಿಗೆ ಒಯ್ದರು.

ಮುಂದೆ ಎರಡು ವರ್ಷ ಮಳೆ ಕೈಕೊಟ್ಟು, ಎರಡು ಸಾವಿರದ ಮೂರರಲ್ಲಿ ಕೆರೆ ತಳ ಕಂಡಿತು. ಹಳ್ಳ ತಂದು ಹಾಕಿದ ಹೂಳು ದಪ್ಪಗೆ ನಿಂತು ಬಿರುಕು ಬಿಟ್ಟಿತ್ತು. ಹೂಳೆತ್ತಿ ಹೊಲಗಳಿಗೆ ಹಾಕಬೇಕು, ಅಂದರೆ ಕೆರೆಗೂ ಆಳ, ಹೊಲಕ್ಕೂ ಕಸುವು ಎಂದು ಊರು ಮತ್ತೆ ಗುಡಿಯ ಮುಂದೆ ಕೂಡಿತು. ಸುಶ್ರುತನ ಜೀಪು ಬರುವುದು ನಿಂತು ಬಹಳ ದಿನವಾಗಿತ್ತು. ಕೆರೆ ಕಮಿಟಿಗೆ ಈಗ ಅಮೋಘಸಿದ್ಧ ಅಧ್ಯಕ್ಷ. ಅವನೇ ಮೊದಲು ಎದ್ದ.

"ಸಿದ್ದಲಿಂಗವ್ವನ ಕೇಳಲಾರದ ಒಂದು ಬುಟ್ಟಿ ಎತ್ತಬಾರದು. ಆಕಿ ತೋರಿಸಿದ ಜಾಗಾ ಬಿಟ್ಟು ತುಂಬೂಣು. ಸುತ್ತ ಕಲ್ಲು ಇಡೂಣು."

ಊರು ಒಪ್ಪಿತು.

ಮುಂಜಾನೆ ಎತ್ತಿನ ಗಾಡಿಗಳು ಒಡ್ಡಿನ ಮೇಲೆ ಸಾಲಾಗಿ ನಿಂತವು. ಸಿದ್ದಲಿಂಗವ್ವ ಕೆರೆಗೆ ಇಳಿದಳು, ಜೊತೆಗೆ ನಾನು. ಸ್ವಲ್ಪ ಹಿಂದೆ ಖಂಡೆಪ್ಪ, ಕೋಲೂರಿಕೊಂಡು. ಗುಡುಸಾಬ ತೀರಿಹೋಗಿದ್ದ. ತಳಕ್ಕೆ ಬಂದು ಆಕೆ ನಿಂತಳು. ಗಿಡದ ಬೊಡ್ಡೆ ಎಲ್ಲೂ ಇಲ್ಲ. ಅಗೆದ ಜಾಗ, ಅಗೆಯದೆ ಬಿಟ್ಟ ಜಾಗ ಎಂಬ ಗುರುತಿಲ್ಲ. ಹೂಳು ಎಲ್ಲವನ್ನೂ ಒಂದೇ ಮಟ್ಟ ಮಾಡಿತ್ತು. ಒಂದು ಬೇಸಿಗೆ ಪೂರ್ತಿ ಕೂತ ಜಾಗ. ಆಕೆ ಆ ಕಡೆ ನಡೆದಳು, ಈ ಕಡೆ ನಡೆದಳು, ಕಾಲಿನಿಂದ ಹೆಂಟೆ ಸರಿಸಿ ನೋಡಿದಳು.

ಮೂರು ವರ್ಷದ ಮೇಲೆ ಗಂಡನ ಕಡೆ ನೆಟ್ಟಗೆ ನೋಡಿ ಕೇಳಿದಳು. "ಎಲ್ಲಿ? ನೀವ ತೋರಿಸ್ರಿ."

"ಇಲ್ಲೇ" ಎಂದ ಖಂಡೆಪ್ಪ, ಕೋಲು ಊರಿ. ಆಮೇಲೆ ಸುತ್ತ ನೋಡಿದ. "ಅಲ್ಲ. ಗುಡಿ ಶಿಖರ ಎಡಕ್ಕ ಕಾಣ್ತಿತ್ತು... ಈಗ ಒಡ್ಡು ಅಡ್ಡ ಬಂದೈತಿ." ಬೇರೆ ಕಡೆ ಹೋಗಿ ನಿಂತ. ಅಲ್ಲಿಂದ ಇನ್ನೊಂದು ಕಡೆ. ಬಿರುಕಿನಲ್ಲಿ ಕೋಲು ಸಿಕ್ಕಿ ತಡವರಿಸಿದ.

"ನಿಮಗೂ ತಿಳಿಯವಲ್ದೇನು?"

ಆತ ತಲೆ ಅಲ್ಲಾಡಿಸಿದ. ಹಾಗೇ ಕುಸಿದು ಹೂಳಿನ ಮೇಲೆ ಕೂತ, ರುಮಾಲು ಬಾಯಿಗೆ ಒತ್ತಿಕೊಂಡು. ಆಕೆ ಅವನನ್ನು ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಹೋಗಿ ಅವನ ಪಕ್ಕಕ್ಕೆ ಕೂತಳು.

ಬಿಸಿಲು ಏರತೊಡಗಿತು. ಎತ್ತುಗಳು ಕೊರಳು ಅಲ್ಲಾಡಿಸುತ್ತಿದ್ದವು. ಅಮೋಘಸಿದ್ಧ ಒಡ್ಡು ಇಳಿದು ಬಂದು, ಅವನ ಬಾಯಿಂದ ನಾನು ಎಂದೂ ಕೇಳದಷ್ಟು ಮೆತ್ತಗೆ ಕೇಳಿದ: "ಎಲ್ಲಿ ಬಿಡೂಣು ಹೇಳವ್ವಾ. ಬೇಕಂದ್ರ ಅರ್ಧಾ ಕೆರಿ ಬಿಡ್ತೇವಿ."

ಆಕೆ ಕೈ ಎತ್ತಿದಳು. ಎಲ್ಲರೂ ಆ ಕೈಯನ್ನೇ ನೋಡಿದೆವು. ಅದು ಯಾವ ಕಡೆಗೂ ಹೋಗದೆ ಅಲ್ಲೇ ನಿಂತು, 'ಬೇಡ' ಎನ್ನುವ ಹಾಗೆ ಒಮ್ಮೆ ಅಲುಗಿ, ಕೆಳಗೆ ಬಂತು.

"ತುಂಬ್ಕೋರಿ" ಎಂದಳು.

ಆಮೇಲೆ ಖಂಡೆಪ್ಪನ ಕಂಕುಳಲ್ಲಿ ಕೈ ಕೊಟ್ಟು ಎಬ್ಬಿಸಿದಳು. "ಏಳ್ರಿ. ಗಾಡಿ ಇಳಿಯಾಕತ್ತಾವು, ಎತ್ತಿನ ಕಾಲಾಗ ಸಿಗ್ತೀರಿ" ಎಂದು ಅವನ ಧೋತರಕ್ಕೆ ಹತ್ತಿದ ಹೂಳನ್ನು ಕೈಯಿಂದ ಜಾಡಿಸಿದಳು.